‘ಗ್ರೇನ್ ಆಫ್ ಸಾಲ್ಟ್’ ಬಳಸುವ ಮೊದಲು, ಉಪ್ಪು ಯಾರ ಕೈಲಿದೆ ಅಂತ ನೋಡಿ

ಕೆಲವು ವರ್ಷಗಳ ಹಿಂದಿನ ಮಾತು. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಒಂದು ಲೆಕ್ಕ ಕಳಿಸಿದ್ದರು. ಮುಂದಿನ ಮೂರು ತಿಂಗಳಲ್ಲಿ ಎಷ್ಟು ಕೆಲಸ ಮುಗಿಯಬಹುದು ಅನ್ನೋ ಲೆಕ್ಕ. ‘ಇದು ಅಂದಾಜು ಮಾತ್ರ’ ಎಂದು ಕೊನೆಯಲ್ಲಿ ಅವರೇ ಬರೆದಿದ್ದರು. ನಾನು ಮೇಲ್‌ನಲ್ಲಿ ಒಂದೇ ಸಾಲಿನ ಉತ್ತರ ಕೊಟ್ಟೆ: ‘ಥ್ಯಾಂಕ್ಸ್, ಐ ವಿಲ್ ಟೇಕ್ ಯುವರ್ ನಂಬರ್ಸ್ ವಿತ್ ಎ ಗ್ರೇನ್ ಆಫ್ ಸಾಲ್ಟ್.’ ಪದಕ್ಕೆ ಪದ ಇಟ್ಟರೆ, ನಿಮ್ಮ ಅಂಕಿಗಳನ್ನು ಒಂದು ಹರಳು ಉಪ್ಪಿನ ಜೊತೆ ತೊಗೊಳ್ತೀನಿ ಅಂತ. ಅಂದಾಜನ್ನು ಅಂದಾಜು ಅಂತಲೇ ನೋಡುತ್ತೇನೆ ಅನ್ನೋದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಅದೇ ಲೆಕ್ಕದ ಪ್ರಿಂಟ್. ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲ್ಲಿನ ಟಿಕ್ ಗುರುತು. ಮತ್ತೊಮ್ಮೆ ಮೊದಲಿಂದ ಕೊನೆವರೆಗೆ ಕೂಡಿ ಕಳೆದು ನೋಡಿದ್ದರು. “ಎಲ್ಲಿ ತಪ್ಪಿದೆ ಹೇಳಿ, ತಿದ್ದಿಕೊಡ್ತೀನಿ” ಅಂದರು. ದನಿ ಮೆತ್ತಗಿತ್ತು, ಮುಖ ಬಾಡಿತ್ತು. “ಅಂದಾಜು ಅಂತ ನೀವೇ ಬರೆದಿದ್ರಲ್ಲ?” ಎಂದೆ. “ನಾನು ಬರೆಯೋದು ಬೇರೆ, ನೀವು ಬರೆಯೋದು ಬೇರೆ, ಅಲ್ವಾ?” ಅಂದರು.

ಆ ಮಾತು ನನಗೆ ಇವತ್ತಿಗೂ ನೆನಪಿದೆ. ಈ ನುಡಿಗಟ್ಟಿನ ಅರ್ಥ ನನಗೆ ಗೊತ್ತಿತ್ತು, ಆದರೆ ಬಳಕೆ ಗೊತ್ತಿರಲಿಲ್ಲ. ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಯಾವ ನಿಘಂಟು ತೆಗೆದರೂ ಸಿಗುತ್ತದೆ. ಅದನ್ನು ಯಾರ ಮುಂದೆ, ಯಾವುದರ ಬಗ್ಗೆ, ಎಷ್ಟರ ಮಟ್ಟಿಗೆ ಆಡಬಹುದು ಅನ್ನೋದನ್ನು ಮಾತ್ರ ನಾವೇ ಕಲಿಯಬೇಕು. ‘ಟೇಕ್ ಇಟ್ ವಿತ್ ಎ ಗ್ರೇನ್ ಆಫ್ ಸಾಲ್ಟ್’ ಅನ್ನೋದನ್ನು ಆ ಥರ ಕಲಿಯೋದು ಹೇಗೆ ಅಂತ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ‘ನಂಬಬೇಡ’ ಅಂತ ಓದಿಕೊಳ್ಳಬೇಡಿ

ಹೆಚ್ಚಿನವರು ಇದನ್ನು ‘ನಂಬಬೇಡ’ ಎಂದು ನೆನಪಿಟ್ಟುಕೊಂಡಿರುತ್ತಾರೆ. ಎಡವಟ್ಟಾಗುವುದೇ ಅಲ್ಲಿ. ಯಾರಾದರೂ ಒಂದು ಸುದ್ದಿ ಹೇಳಿ, ಅದನ್ನು ‘ಗ್ರೇನ್ ಆಫ್ ಸಾಲ್ಟ್’ ಜೊತೆ ತೊಗೊ ಅಂದರೆ, ಅದು ಸುಳ್ಳು ಎಂದು ಅವರು ಹೇಳುತ್ತಿಲ್ಲ. ಕೇಳಿಸಿಕೊ, ಮನಸ್ಸಿನಲ್ಲಿ ಇಟ್ಟುಕೊ, ಆದರೆ ಹೇಳಿದ ಅಷ್ಟನ್ನೂ ಹಾಗೇ ನುಂಗಬೇಡ ಅನ್ನುತ್ತಿದ್ದಾರೆ. ಹತ್ತು ಹೇಳಿದರೆ ಏಳೋ ಎಂಟೋ ನಂಬು ಅನ್ನುವ ಹಾಗೆ. ಇದು ಹೌದು-ಅಲ್ಲ ಅನ್ನೋ ಪ್ರಶ್ನೆ ಅಲ್ಲ, ಎಷ್ಟು ಅನ್ನೋ ಪ್ರಶ್ನೆ.

ಹೀಗೆ ಸ್ವಲ್ಪ ಕಡಿಮೆ ನಂಬುವುದಕ್ಕೆ ಏನಾದರೂ ಕಾರಣ ಇರಲೇಬೇಕು. ನಾನು ಗಮನಿಸಿದ ಹಾಗೆ ಅದು ಸಾಮಾನ್ಯವಾಗಿ ಮೂರರಲ್ಲಿ ಒಂದು. ಹೇಳುವವರು ಉತ್ಪ್ರೇಕ್ಷೆ ಮಾಡುವ ಸ್ವಭಾವದವರು ಅನ್ನೋದು ಮೊದಲನೆಯದು. ಹಿಡಿದದ್ದು ಸಣ್ಣ ಮೀನು, ಕಥೆ ಹೇಳುವ ಹೊತ್ತಿಗೆ ಅದು ತೋಳಿನಷ್ಟು ಉದ್ದ. ಅವರಿಗೇ ಪೂರ್ತಿ ಗೊತ್ತಿಲ್ಲ ಅನ್ನೋದು ಎರಡನೆಯದು. ಮೊದಲ ದಿನದ ಸುದ್ದಿ, ಅರ್ಧ ಮುಗಿದ ಪರೀಕ್ಷೆಯ ಫಲಿತಾಂಶ, ಮುಂದಿನ ತಿಂಗಳ ಹವಾಮಾನದ ಊಹೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಮಾಹಿತಿ ಇನ್ನೂ ಹಸಿ ಅಷ್ಟೇ. ಮೂರನೆಯದು, ಹೇಳುವವರಿಗೆ ಅದರಲ್ಲಿ ಲಾಭ ಇದೆ ಅನ್ನೋದು. ಮಾರುವವರೇ ತಮ್ಮ ಸಾಮಾನನ್ನು ಹೊಗಳಿದರೆ ಕೇಳಬೇಕು, ಆದರೆ ಸ್ವಲ್ಪ ಕಳೆದು ಕೇಳಬೇಕು.

ಇಂಗ್ಲಿಷಿನಲ್ಲಿ ಈ ಮಾತು ಎದುರಾದಾಗೆಲ್ಲ ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲಿ ಈ ಮೂರರಲ್ಲಿ ಯಾವ ಕಾರಣ ಇದೆ? ಆಮೇಲೆ ವಾಕ್ಯದ ದನಿ ತಾನಾಗಿಯೇ ತಿಳಿಯುತ್ತದೆ. ಮೊದಲನೆಯದಾದರೆ ನಗು ಇರುತ್ತದೆ. ಎರಡನೆಯದಾದರೆ ಬರೀ ಎಚ್ಚರಿಕೆ. ಮೂರನೆಯದಾದರೆ ಒಂದಿಷ್ಟು ಅನುಮಾನ.

ಹೆಜ್ಜೆ 2: ಕನ್ನಡದ ಉಪ್ಪನ್ನು ಪಕ್ಕಕ್ಕಿಡಿ

ಕನ್ನಡದವರಿಗೆ ಎದುರಾಗುವ ಒಂದು ತೊಡಕು ಇದು. ನಮ್ಮಲ್ಲೂ ಮಾತಿಗೂ ಉಪ್ಪಿಗೂ ನಂಟಿದೆ. ‘ಉಪ್ಪು ಖಾರ ಹಚ್ಚಿ ಹೇಳಿದ’ ಅನ್ನುತ್ತೇವೆ. ಇದ್ದದ್ದಕ್ಕೆ ಇನ್ನಷ್ಟು ಸೇರಿಸಿ, ರಂಗು ಕಟ್ಟಿ ಹೇಳಿದ ಅಂತ ಅರ್ಥ. ಅಂದರೆ ಕನ್ನಡದಲ್ಲಿ ಉಪ್ಪು ಹಾಕುವವನು ಹೇಳುವವನು.

ಇಂಗ್ಲಿಷಿನಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ಉಪ್ಪು ಇರುವುದು ಕೇಳುವವನ ಕೈಯಲ್ಲಿ. ಹೇಳುವವನು ಏನನ್ನೋ ಬಡಿಸುತ್ತಾನೆ. ಅದು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಕೇಳುವವನು ತಾನೇ ಒಂದು ಹರಳು ಉಪ್ಪು ಸೇರಿಸಿಕೊಂಡು ನುಂಗುತ್ತಾನೆ. ಕನ್ನಡದಲ್ಲಿ ಉಪ್ಪು ಸುಳ್ಳಿನ ಕಡೆಗಿದೆ, ಇಂಗ್ಲಿಷಿನಲ್ಲಿ ವಿವೇಕದ ಕಡೆಗಿದೆ.

ಇದನ್ನು ಗಮನಿಸದೆ, ‘ಹಿ ಟೋಲ್ಡ್ ದ ಸ್ಟೋರಿ ವಿತ್ ಎ ಗ್ರೇನ್ ಆಫ್ ಸಾಲ್ಟ್’ ಎಂದು ಬರೆಯುವವರಿದ್ದಾರೆ. ಉಪ್ಪು ಖಾರ ಹಚ್ಚಿ ಕಥೆ ಹೇಳಿದ ಅನ್ನೋದು ಅವರ ಮನಸ್ಸಿನಲ್ಲಿ ಇರುತ್ತದೆ. ಇಂಗ್ಲಿಷ್ ಬಲ್ಲವರಿಗೆ ಆ ವಾಕ್ಯ ಅರ್ಥವೇ ಆಗುವುದಿಲ್ಲ. ರಂಗು ಕಟ್ಟಿ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ‘ಎಕ್ಸಾಜರೇಟ್’ ಇದೆ, ‘ಎಂಬ್ರಾಯ್ಡರ್’ ಇದೆ. ಎಂಬ್ರಾಯ್ಡರ್ ಅಂದರೆ ಕಸೂತಿ ಹಾಕುವುದು. ನಾವು ಖಾರ ಹಚ್ಚುವ ಕಡೆ ಅವರು ಕಸೂತಿ ಹಾಕುತ್ತಾರೆ!

ಫ್ರೆಂಚಿನಲ್ಲೂ ಇಂಥದೇ ಗೋಜಲು ಇದೆ. ‘ಮೆತ್ರ್ ಸೋಂ ಗ್ರ್ಯಾಂ ದ ಸೆಲ್’, ಅಂದರೆ ತನ್ನದೊಂದು ಹರಳು ಉಪ್ಪು ಹಾಕುವುದು ಅಂತ ಅಲ್ಲಿ ಒಂದು ಮಾತಿದೆ. ಅದರ ಅರ್ಥ, ಕೇಳದೇ ಇದ್ದರೂ ನಡುವೆ ಬಾಯಿ ಹಾಕುವುದು. ಸ್ವಲ್ಪ ಅನುಮಾನದಿಂದ ಕೇಳು ಅನ್ನೋದಕ್ಕೆ ಅವರು ಬಳಸುವುದು ಚಿಮಟವನ್ನು. ಚಿಮಟದಲ್ಲಿ ಎತ್ತಿಕೊ ಅನ್ನುತ್ತಾರೆ. ಒಂದೇ ಉಪ್ಪು, ಮೂರು ಭಾಷೆ, ಮೂರು ಕೆಲಸ. ಅದಕ್ಕೇ ಒಂದು ನುಡಿಗಟ್ಟಿನಲ್ಲಿರುವ ವಸ್ತು ಪರಿಚಿತ ಅನ್ನಿಸಿದಾಗ ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಹೆಜ್ಜೆ 3: ಹುಟ್ಟಿದ ಜಾಗ ತಿಳಿದರೆ ಮರೆಯುವುದಿಲ್ಲ

ಈ ಮಾತಿನ ಹಿಂದೆ ಒಬ್ಬ ರಾಜ ಇದ್ದಾನೆ, ವಿಷ ಇದೆ, ಒಂದು ಔಷಧದ ಚೀಟಿ ಇದೆ.

ಕಪ್ಪು ಸಮುದ್ರದ ದಕ್ಷಿಣ ದಂಡೆಯಲ್ಲಿ, ಇವತ್ತಿನ ಟರ್ಕಿ ಇರುವ ಕಡೆ, ಪಾಂಟಸ್ ಎಂಬ ರಾಜ್ಯ ಇತ್ತು. ಅದರ ರಾಜ ಆರನೆಯ ಮಿಥ್ರಿಡೇಟಿಸ್. ರೋಮನ್ನರ ವಿರುದ್ಧ ವರ್ಷಗಟ್ಟಲೆ ಹೋರಾಡಿದವನು. ಯಾರಾದರೂ ವಿಷ ಹಾಕಿಯಾರು ಅನ್ನೋ ಭಯಕ್ಕೆ ದಿನಾ ಸ್ವಲ್ಪ ಸ್ವಲ್ಪ ವಿಷ ತಿಂದು ಮೈಗೆ ಒಗ್ಗಿಸಿಕೊಂಡಿದ್ದ ಎಂಬ ಕಥೆ ಇದೆ. ಕ್ರಿ.ಪೂ. 63ರಲ್ಲಿ ಸೋತು ಸಾಯಲು ಹೊರಟಾಗ ವಿಷ ಕುಡಿದರೂ ಪ್ರಾಣ ಹೋಗಲಿಲ್ಲ, ಕೊನೆಗೆ ತನ್ನ ಕಡೆಯವನೊಬ್ಬನ ಕತ್ತಿಯಿಂದಲೇ ಸಾಯಬೇಕಾಯಿತು ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ.

ಅವನನ್ನು ಸೋಲಿಸಿದ ರೋಮನ್ ದಂಡನಾಯಕ ಪಾಂಪೆಗೆ ರಾಜನ ಖಾಸಗಿ ಕಾಗದಗಳ ನಡುವೆ ಒಂದು ಚೀಟಿ ಸಿಕ್ಕಿತಂತೆ. ಅದರಲ್ಲಿ ಇದ್ದದ್ದು ವಿಷಕ್ಕೆ ಮದ್ದು. ರೋಮನ್ ಲೇಖಕ ಹಿರಿಯ ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ಬರೆದ, 37 ಸಂಪುಟಗಳ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಅದನ್ನು ಕೊಟ್ಟಿದ್ದಾನೆ. ಎರಡು ಒಣ ಅಕ್ರೋಟು, ಎರಡು ಅಂಜೂರ, ರೂ ಎಂಬ ಕಹಿ ಗಿಡದ 20 ಎಲೆ, ಎಲ್ಲವನ್ನೂ ಒಟ್ಟಿಗೆ ಅರೆದು, ‘ಒಂದು ಹರಳು ಉಪ್ಪು ಸೇರಿಸಿ’ ಖಾಲಿ ಹೊಟ್ಟೆಯಲ್ಲಿ ತಿಂದರೆ ಆ ದಿನ ಯಾವ ವಿಷವೂ ತಾಗುವುದಿಲ್ಲ ಅಂತ ಅದರಲ್ಲಿತ್ತು.

ಗಮನಿಸಿ, ಪ್ಲಿನಿ ಬರೆದಾಗ ಅದು ನಿಜವಾದ ಉಪ್ಪೇ. ಅನುಮಾನದ ಅರ್ಥ ಅಲ್ಲಿ ಇಲ್ಲ. ಎಷ್ಟೋ ಶತಮಾನ ಕಳೆದ ಮೇಲೆ ಲ್ಯಾಟಿನ್ ಓದಿದ ಯುರೋಪಿನ ವಿದ್ವಾಂಸರು ‘ಕುಮ್ ಗ್ರಾನೋ ಸಾಲಿಸ್’, ಅಂದರೆ ಒಂದು ಹರಳು ಉಪ್ಪಿನ ಜೊತೆ, ಅನ್ನೋದನ್ನು ಈಗಿನ ಅರ್ಥದಲ್ಲಿ ಆಡತೊಡಗಿದರು. ಲ್ಯಾಟಿನ್ನಿನಲ್ಲಿ ‘ಸಾಲ್’ ಅಂದರೆ ಉಪ್ಪು ಮಾತ್ರ ಅಲ್ಲ, ಮಾತಿನ ಜಾಣ್ಮೆ ಅನ್ನೋ ಅರ್ಥವೂ ಇದೆ. ಆ ಅರ್ಥವೂ ಇಲ್ಲಿ ಕೂಡಿಕೊಂಡಿರಬಹುದು ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಈ ಮಾತು ಕಾಣಿಸಿಕೊಂಡದ್ದು 17ನೇ ಶತಮಾನದಲ್ಲಿ.

ನೆನಪಿಟ್ಟುಕೊಳ್ಳಲು ನನಗೆ ಈ ಕಥೆ ತುಂಬಾ ಸಹಾಯ ಮಾಡಿದೆ. ಯಾರಾದರೂ ಏನನ್ನಾದರೂ ನುಂಗಲು ಕೊಟ್ಟಾಗ, ಅದರಲ್ಲಿ ಕೆಡುಕು ಇದ್ದರೂ ಇರಬಹುದು ಅಂತ ಜೊತೆಗೆ ಒಂದು ಹರಳು ಉಪ್ಪು. ‘ಟೇಕ್’ ಅನ್ನೋ ಕ್ರಿಯಾಪದ ಇಲ್ಲಿ ಯಾಕೆ ಬಂತು ಅನ್ನೋದನ್ನೂ ಇದರಿಂದಲೇ ನೆನಪಿಟ್ಟುಕೊಳ್ಳಬಹುದು. ಇಂಗ್ಲಿಷಿನಲ್ಲಿ ಔಷಧವನ್ನು ತಿನ್ನುವುದಿಲ್ಲ, ‘ಟೇಕ್’ ಮಾಡುತ್ತಾರೆ.

ಹೆಜ್ಜೆ 4: ವಾಕ್ಯ ಕಟ್ಟುವುದು

ಅಚ್ಚು ಒಂದೇ. ‘ಟೇಕ್’, ಆಮೇಲೆ ಯಾವುದನ್ನು ಅನ್ನೋದು, ಆಮೇಲೆ ‘ವಿತ್ ಎ ಗ್ರೇನ್ ಆಫ್ ಸಾಲ್ಟ್’. ನಡುವಿನ ಜಾಗದಲ್ಲಿ ಕೂರುವುದು ಮಾತು, ಸುದ್ದಿ, ಲೆಕ್ಕ, ಹೊಗಳಿಕೆ, ಸಲಹೆ, ಭವಿಷ್ಯ.

‘ಟೇಕ್ ದೋಸ್ ರಿವ್ಯೂಸ್ ವಿತ್ ಎ ಗ್ರೇನ್ ಆಫ್ ಸಾಲ್ಟ್.’ ಆ ವಿಮರ್ಶೆಗಳನ್ನು ಪೂರ್ತಿ ನಂಬಬೇಡಿ, ಸ್ವಲ್ಪ ಸೋಸಿ ಓದಿ.

‘ಐ ಟುಕ್ ಹರ್ ಪ್ರಾಮಿಸ್ ವಿತ್ ಎ ಗ್ರೇನ್ ಆಫ್ ಸಾಲ್ಟ್.’ ಅವಳು ಮಾತು ಕೊಟ್ಟಳು ನಿಜ, ಆದರೆ ನಡೆದೇ ನಡೆಯುತ್ತೆ ಅಂತ ನಾನೇನೂ ಕಾದು ಕೂರಲಿಲ್ಲ.

‘ದೀಸ್ ಫಿಗರ್ಸ್ ಷುಡ್ ಬಿ ಟೇಕನ್ ವಿತ್ ಎ ಗ್ರೇನ್ ಆಫ್ ಸಾಲ್ಟ್.’ ಈ ಅಂಕಿಗಳನ್ನು ಅಂತಿಮ ಅಂದುಕೊಳ್ಳಬಾರದು. ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಈ ರೂಪವೇ. ಯಾರು ಅನುಮಾನಿಸಬೇಕು ಅನ್ನೋದನ್ನು ಹೇಳದೆ ಬಿಟ್ಟಿರುವುದರಿಂದ ದನಿ ತಣ್ಣಗಿರುತ್ತದೆ.

‘ಗ್ರೇನ್’ ಬದಲು ‘ಪಿಂಚ್’, ಅಂದರೆ ಚಿಟಿಕೆ, ಕೂಡ ಅಷ್ಟೇ ಸರಿ. ಅಮೆರಿಕದಲ್ಲಿ ‘ಗ್ರೇನ್’ ಜಾಸ್ತಿ, ಬ್ರಿಟನ್ನಿನಲ್ಲಿ ‘ಪಿಂಚ್’ ಜಾಸ್ತಿ. ಹರಳು ಹಳೆಯದು, ಚಿಟಿಕೆ ತೀರ ಈಚಿನದು. ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಒಂದು ಬರಹದಲ್ಲಿ ಒಂದನ್ನೇ ಉಳಿಸಿಕೊಳ್ಳಿ, ಸಾಕು.

ಸಣ್ಣ ಪದಗಳಲ್ಲೇ ತಪ್ಪುಗಳು ಜಾಸ್ತಿ ಆಗುತ್ತವೆ. ‘ಎ’ ಬಿಡಬಾರದು, ‘ವಿತ್ ಗ್ರೇನ್ ಆಫ್ ಸಾಲ್ಟ್’ ಅಂದರೆ ಕುಂಟುತ್ತದೆ. ಕನ್ನಡದಲ್ಲಿ ಇಂಥ ಪದ ಇಲ್ಲದ ಕಾರಣ ನಾವು ಇದನ್ನು ಗೊತ್ತಿಲ್ಲದೇ ನುಂಗಿಬಿಡುತ್ತೇವೆ. ‘ದ ಗ್ರೇನ್’ ಅಲ್ಲ, ‘ಗ್ರೇನ್ಸ್’ ಅಂತ ಬಹುವಚನವೂ ಅಲ್ಲ. ‘ಸಮ್ ಸಾಲ್ಟ್’ ಎಂದರೆ ಅಡುಗೆಯ ಮಾತಾಯಿತು. ಕ್ರಿಯಾಪದ ‘ಈಟ್’ ಅಲ್ಲ, ‘ಲಿಸನ್’ ಅಲ್ಲ, ‘ಬಿಲೀವ್’ ಅಂತೂ ಅಲ್ಲವೇ ಅಲ್ಲ. ‘ರೀಡ್’ ಮತ್ತು ‘ಟ್ರೀಟ್’ ಒಮ್ಮೊಮ್ಮೆ ಕಾಣಿಸುತ್ತವೆ, ತಪ್ಪೇನಿಲ್ಲ. ಕಲಿಯುವಾಗ ‘ಟೇಕ್’ ಬಿಟ್ಟು ಆಚೆ ಹೋಗದಿರುವುದು ಒಳ್ಳೆಯದು.

ಒತ್ತು ಕೊಡಬೇಕು ಅಂದರೆ ಉಪ್ಪಿನ ಪ್ರಮಾಣ ಹೆಚ್ಚಿಸುತ್ತಾರೆ. ‘ಎ ಲಾರ್ಜ್ ಗ್ರೇನ್ ಆಫ್ ಸಾಲ್ಟ್’, ‘ಎ ಹ್ಯೂಜ್ ಪಿಂಚ್ ಆಫ್ ಸಾಲ್ಟ್’ ಅನ್ನುತ್ತಾರೆ. ಉಪ್ಪು ಜಾಸ್ತಿ ಆದಷ್ಟೂ ನಂಬಿಕೆ ಕಡಿಮೆ. ಇದು ಅಳತೆಯ ಮಾತು ಅಂತ ಮೊದಲಿಗೇ ಹೇಳಿದೆನಲ್ಲ, ಅದಕ್ಕೆ ಇಲ್ಲೇ ಸಾಕ್ಷಿ ಇದೆ. ‘ಗ್ರೇನ್’ ಅನ್ನೋದು ಔಷಧ ತೂಗುವ ಹಳೆಯ ತೂಕವೂ ಹೌದು, ಸುಮಾರು 65 ಮಿಲಿಗ್ರಾಂ. ಅಷ್ಟು ಸಣ್ಣದು.

ನಡುವಿನ ಜಾಗದಲ್ಲಿ ಮನುಷ್ಯರನ್ನೇ ಕೂರಿಸಬಹುದೇ? ‘ಟೇಕ್ ಹಿಮ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಎಂದು ಹೇಳುವವರಿದ್ದಾರೆ, ತಪ್ಪಲ್ಲ. ಆದರೆ ಆಗ ಅದು ಒಂದು ಮಾತಿನ ಬಗ್ಗೆ ಆಡಿದ ತೀರ್ಪಾಗಿ ಉಳಿಯುವುದಿಲ್ಲ, ಆ ಮನುಷ್ಯನ ಬಗ್ಗೆ ಕೊಟ್ಟ ತೀರ್ಪಾಗುತ್ತದೆ. ಬೇಕಿದ್ದರೆ ಮಾತ್ರ ಬಳಸಿ. ‘ವಾಟ್ ಹಿ ಸೇಸ್’ ಎಂದು ಎರಡು ಪದ ಜಾಸ್ತಿ ಹಾಕಿದರೆ ಎಷ್ಟೋ ಮೆತ್ತಗಾಗುತ್ತದೆ.

ಹೆಜ್ಜೆ 5: ಎಲ್ಲೆಲ್ಲಿ ಬಳಸಬಾರದು

ಅಪ್ಪಣೆಗೆ, ನಿಯಮಕ್ಕೆ, ಸೂಚನೆಗೆ ಇದು ಹೊಂದುವುದಿಲ್ಲ. ‘ಬಾಗಿಲು ಹಾಕು’ ಅನ್ನೋದರಲ್ಲಿ ನಂಬುವುದು ಬಿಡುವುದು ಏನಿದೆ? ನಿಜ-ಸುಳ್ಳಿನ ಪ್ರಶ್ನೆ ಏಳುವಂಥ ಮಾತಿಗೆ ಮಾತ್ರ ಉಪ್ಪು. ಲೆಕ್ಕದಲ್ಲಿ ಸಾಬೀತಾದದ್ದಕ್ಕೆ, ಕಣ್ಣೆದುರು ನಡೆದದ್ದಕ್ಕೂ ಬೇಡ.

ಪೂರ್ತಿ ಸುಳ್ಳು ಅಂತ ಗೊತ್ತಿದ್ದಾಗಲೂ ಬೇಡ. ಅಪಾಯ ಇರುವುದು ಇಲ್ಲೇ. ಯಾರೋ ಮೋಸ ಮಾಡಲು ಕಳಿಸಿದ ಮೆಸೇಜ್ ಬಂದಿದೆ, ನಿಮಗೆ ಅದು ಮೋಸ ಅಂತ ಗೊತ್ತು. ಗೆಳೆಯರಿಗೆ ‘ಟೇಕ್ ಇಟ್ ವಿತ್ ಎ ಗ್ರೇನ್ ಆಫ್ ಸಾಲ್ಟ್’ ಅಂದರೆ, ಅದರಲ್ಲಿ ಒಂದಿಷ್ಟು ನಿಜ ಇದೆ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು. ಅಲ್ಲಿ ‘ಇಟ್ಸ್ ಫೇಕ್, ಡೋಂಟ್ ಟಚ್ ಇಟ್’ ಅಂತ ನೇರವಾಗಿ ಹೇಳಬೇಕು. ಜೀವಕ್ಕೆ, ಆರೋಗ್ಯಕ್ಕೆ, ದುಡ್ಡಿಗೆ ಸಂಬಂಧಪಟ್ಟ ವಿಷಯಗಳಲ್ಲಿ ನುಡಿಗಟ್ಟಿನ ಸೊಗಸಿಗಿಂತ ಸ್ಪಷ್ಟತೆ ಮುಖ್ಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಕ್ಕಪಕ್ಕದ ನುಡಿಗಟ್ಟುಗಳ ಜೊತೆ ಬೆರೆಸಿಕೊಳ್ಳುವುದೂ ಇದೆ. ‘ಬೆನಿಫಿಟ್ ಆಫ್ ದ ಡೌಟ್’ ಕೊಡುವುದು ಅಂದರೆ ಅನುಮಾನ ಇದ್ದರೂ ಅವರ ಪರವಾಗಿ ನಂಬುವುದು. ಅದು ಇದಕ್ಕೆ ಹೆಚ್ಚುಕಡಿಮೆ ಎದುರು ದಿಕ್ಕು. ‘ಟೇಕ್ ಅಟ್ ಫೇಸ್ ವ್ಯಾಲ್ಯೂ’ ಅಂದರೆ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪುವುದು, ಇದಕ್ಕೆ ನೇರ ವಿರುದ್ಧ. ‘ರೀಡ್ ಬಿಟ್ವೀನ್ ದ ಲೈನ್ಸ್’ ಬೇರೆಯೇ ಕೆಲಸ. ಹೇಳದೇ ಬಿಟ್ಟಿದ್ದನ್ನು ಹುಡುಕುವುದು. ಉಪ್ಪಿನ ಮಾತು ಹೇಳಿದ್ದರಲ್ಲಿ ಕಳೆಯುತ್ತದೆ, ಸಾಲುಗಳ ನಡುವಿನ ಮಾತು ಹೇಳದಿದ್ದನ್ನು ಕೂಡಿಸುತ್ತದೆ.

ಇಂಗ್ಲಿಷಿನಲ್ಲಿ ಉಪ್ಪಿನ ಬೇರೆ ಮಾತುಗಳೂ ಇವೆ. ‘ಸಾಲ್ಟ್ ಆಫ್ ದಿ ಅರ್ತ್’ ಅಂದರೆ ಸರಳ, ಪ್ರಾಮಾಣಿಕ ಮನುಷ್ಯ. ‘ವರ್ತ್ ಹಿಸ್ ಸಾಲ್ಟ್’ ಅಂದರೆ ತನ್ನ ಕೆಲಸಕ್ಕೆ ತಕ್ಕವನು. ನಮ್ಮ ‘ಉಪ್ಪಿನ ಋಣ’ ಇದರ ಹತ್ತಿರ ಸುಳಿಯುತ್ತದೆ, ಆದರೆ ಅದೇ ಅಲ್ಲ.

ಹೆಜ್ಜೆ 6: ಯಾರ ಮಾತು, ಯಾರ ಮುಂದೆ

ಮೇಜಿನ ಹತ್ತಿರ ಬಂದು ನಿಂತ ಆ ಸಹೋದ್ಯೋಗಿ ಹೇಳಿದ್ದು ಇದನ್ನೇ. ಈ ನುಡಿಗಟ್ಟಿಗೆ ಮೂರು ಜಾಗಗಳಿವೆ. ಜಾಗ ಬದಲಾದರೆ ಅದೇ ಮಾತಿನ ಬಣ್ಣವೂ ಬದಲಾಗುತ್ತದೆ.

ನಿಮ್ಮ ಮಾತಿಗೆ ನೀವೇ ಹಾಕಿಕೊಂಡರೆ ಅದು ವಿನಯ. ‘ಐ ಹ್ಯಾವ್ ಯೂಸ್ಡ್ ದಿಸ್ ಫೋನ್ ಫಾರ್ ಓನ್ಲಿ ಟೂ ಡೇಸ್, ಸೋ ಟೇಕ್ ಮೈ ಒಪಿನಿಯನ್ ವಿತ್ ಎ ಗ್ರೇನ್ ಆಫ್ ಸಾಲ್ಟ್.’ ಎರಡೇ ದಿನ ಬಳಸಿದ್ದೀನಿ, ನನ್ನ ಮಾತೇ ಕೊನೆ ಅಂದುಕೊಳ್ಳಬೇಡಿ. ಕೇಳುವವರಿಗೆ ಇದು ಹಿಡಿಸುತ್ತದೆ. ಯಾಕೆ ಅನ್ನೋ ಕಾರಣವನ್ನೂ ಅದೇ ವಾಕ್ಯದಲ್ಲಿ ಕೊಟ್ಟಿರುವುದನ್ನು ನೋಡಿ. ಕಾರಣ ಕೊಟ್ಟರೆ ನಂಬಿಕೆ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ.

ಅಲ್ಲಿ ಇಲ್ಲದ ಮೂರನೆಯವರ ಮಾತಿನ ಬಗ್ಗೆ ಹೇಳಿದರೆ ಅದು ಎಚ್ಚರಿಕೆ. ಸುದ್ದಿ, ಜಾಹೀರಾತು, ಗಾಳಿಮಾತು ಇವಕ್ಕೆಲ್ಲ ಸಲೀಸಾಗಿ ಹೊಂದುತ್ತದೆ. ಪರಿಚಿತರ ಬಗ್ಗೆ ಆಡುವಾಗ ಮಾತ್ರ, ಅದು ಅವರ ಕಿವಿಗೆ ಬಿದ್ದರೆ ಹೇಗಿರುತ್ತೆ ಅಂತ ಒಂದು ಕ್ಷಣ ಯೋಚಿಸಿ.

ಎದುರಿಗಿರುವವರ ಮಾತಿನ ಬಗ್ಗೆ ಅವರಿಗೇ ಹೇಳಿದರೆ ಅದು ಚುಚ್ಚುತ್ತದೆ. ‘ಐ ಟೇಕ್ ಯುವರ್ ವರ್ಡ್ಸ್ ವಿತ್ ಎ ಗ್ರೇನ್ ಆಫ್ ಸಾಲ್ಟ್’ ಅಂದರೆ, ನಿಮ್ಮ ಮಾತಿನ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ತೀರಾ ಸಲಿಗೆಯ ಗೆಳೆಯರ ನಡುವೆ ನಡೆಯಬಹುದು. ಆಫೀಸಿನ ಮೇಲ್‌ನಲ್ಲಿ, ಹಿರಿಯರ ಜೊತೆ, ಹೊಸ ಪರಿಚಯದವರ ಜೊತೆ ಬೇಡವೇ ಬೇಡ. ಬರಹದಲ್ಲಿ ನಗುಮುಖ ಕಾಣುವುದಿಲ್ಲ, ಮಾತಿನ ದನಿ ಕೇಳುವುದಿಲ್ಲ. ಉಳಿಯುವುದು ಅನುಮಾನ ಒಂದೇ.

ವರದಿ, ಪ್ರಬಂಧ, ಅರ್ಜಿಯಂಥ ಬರಹಗಳಲ್ಲಿ ಈ ನುಡಿಗಟ್ಟು ಸ್ವಲ್ಪ ಸಡಿಲ ಅನ್ನಿಸುತ್ತದೆ. ಅಲ್ಲಿ ‘ಟ್ರೀಟ್ ವಿತ್ ಕಾಷನ್’, ಅಂದರೆ ಎಚ್ಚರಿಕೆಯಿಂದ ನೋಡಿ, ಎಂದು ಬರೆದರೆ ಗಂಭೀರವಾಗಿಯೂ ಇರುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ಹೆಜ್ಜೆ 7: ಕನ್ನಡಕ್ಕೆ ತರುವಾಗ ಉಪ್ಪನ್ನು ಅಲ್ಲೇ ಬಿಟ್ಟು ಬನ್ನಿ

‘ಈ ಸುದ್ದಿಯನ್ನು ಒಂದು ಚಿಟಿಕೆ ಉಪ್ಪಿನೊಂದಿಗೆ ತೆಗೆದುಕೊಳ್ಳಿ’ ಎಂಬ ವಾಕ್ಯವನ್ನು ಫೋನಿನಲ್ಲಿ ಓದಿದ್ದೇನೆ. ಪದಗಳೆಲ್ಲ ಕನ್ನಡವೇ, ಮಾತು ಮಾತ್ರ ಕನ್ನಡ ಅಲ್ಲ. ಇಂಗ್ಲಿಷ್ ಗೊತ್ತಿರುವವರು ಅದನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದವರಿಗೆ ಉಪ್ಪು ಖಾರ ಹಚ್ಚುವುದು ನೆನಪಾಗಿ, ಅರ್ಥ ಉಲ್ಟಾ ಆಗಿಬಿಡುತ್ತದೆ. ಇಂಥ ವಾಕ್ಯ ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ, ಯಾಕೆಂದರೆ ಇದನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತಿಗೇನೂ ಬರ ಇಲ್ಲ.

‘ಅವನ ಮಾತನ್ನ ಸ್ವಲ್ಪ ಸೋಸಿ ಕೇಳು.’ ಉತ್ಪ್ರೇಕ್ಷೆ ಮಾಡುವವರ ಬಗ್ಗೆ ಇದು ಚೆನ್ನಾಗಿ ಹೊಂದುತ್ತದೆ. ‘ಹೇಳಿದ್ದೆಲ್ಲ ನಂಬೋಕೆ ಹೋಗಬೇಡ’ ಅನ್ನೋದು ಮನೆಮಾತು. ಅಂಕಿ-ಅಂಶಗಳಾದರೆ ‘ಇದನ್ನೇ ಅಂತಿಮ ಅಂದುಕೊಳ್ಳಬೇಡಿ’ ಸಾಕು. ಲಾಭ ಇಟ್ಟುಕೊಂಡು ಹೇಳುವವರ ಮಾತಾದರೆ ‘ಅಳೆದು ತೂಗಿ ನೋಡಿ.’ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಅನ್ನೋ ಗಾದೆ ಇದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನೋ ಗಾದೆಯೂ ಇದೆ. ಗಾದೆಗಳು ಉಪ್ಪಿನ ಹರಳಿಗಿಂತ ಭಾರ, ಅದಕ್ಕೇ ಹಗುರವಾದ ಇಂಗ್ಲಿಷ್ ವಾಕ್ಯಕ್ಕೆ ಅವನ್ನು ಹೇರಬೇಡಿ.

ಇನ್ನೊಂದು ಸೊಗಸು ನಮ್ಮ ವ್ಯಾಕರಣದಲ್ಲೇ ಇದೆ: ‘ಅಂತೆ’. ‘ಅವನು ಬರ್ತಾನೆ’ ಅನ್ನೋದಕ್ಕೂ ‘ಅವನು ಬರ್ತಾನಂತೆ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದರಲ್ಲಿ, ಇದು ನಾನು ಕೇಳಿದ್ದು, ಜವಾಬ್ದಾರಿ ನನ್ನದಲ್ಲ ಅನ್ನೋದು ಎರಡಕ್ಷರದಲ್ಲಿ ಬಂದುಬಿಟ್ಟಿದೆ. ಕನ್ನಡದವರಿಗೆ ಇದು ಉಸಿರಾಡಿದಷ್ಟೇ ಸಹಜ, ಇಂಗ್ಲಿಷಿನಲ್ಲಿ ಇದಕ್ಕೆ ಇಂಥ ಪ್ರತ್ಯಯ ಇಲ್ಲ. ಅವರು ‘ಅಪ್ಯಾರೆಂಟ್ಲಿ’ ಅಥವಾ ‘ಐ ಹಿಯರ್’ ಅಂತ ಪ್ರತ್ಯೇಕ ಪದ ಹುಡುಕಬೇಕು.

ಹಾಗಂತ ಎಲ್ಲಾ ‘ಅಂತೆ’ಯೂ ‘ಗ್ರೇನ್ ಆಫ್ ಸಾಲ್ಟ್’ ಅಲ್ಲ. ‘ಅಂತೆ’ ಸುದ್ದಿ ಎಲ್ಲಿಂದ ಬಂತು ಅಂತ ಹೇಳುತ್ತದೆ. ಉಪ್ಪಿನ ಮಾತು ಎಷ್ಟು ನಂಬಬೇಕು ಅಂತ ಹೇಳುತ್ತದೆ. ‘ನಾಳೆ ರಜಾ ಅಂತೆ’ ಅನ್ನುವವರು ಅದನ್ನು ಪೂರ್ತಿ ನಂಬಿರಬಹುದು. ಅದೇ ‘ಅಂತೆ ಕಂತೆ’ ಅಂದರೆ ಸಾಕು, ನಂಬಿಕೆ ಅರ್ಧಕ್ಕೆ ಇಳಿದಿರುತ್ತದೆ. ‘ಅದೆಲ್ಲಾ ಅಂತೆ ಕಂತೆ, ನೀನು ತಲೆ ಕೆಡಿಸ್ಕೋಬೇಡ’ ಅಂದಾಗಲಂತೂ ಉಪ್ಪು ಮುಷ್ಟಿ ತುಂಬ ಬಿದ್ದಿದೆ.

ಹೆಜ್ಜೆ 8: ಕೈಯಾಡಿಸಿ ನೋಡಿ

ಈಗ ನಾಲ್ಕು ಸಂದರ್ಭ. ಓದಿ, ಉತ್ತರ ನೋಡುವ ಮೊದಲು ನೀವೇ ತೀರ್ಮಾನಿಸಿ.

ಒಬ್ಬ ಗೆಳೆಯ ಯಾವಾಗಲೂ ‘ಐದೇ ನಿಮಿಷ, ಬಂದೆ’ ಅನ್ನುತ್ತಾನೆ, ಅರ್ಧ ಗಂಟೆ ಬರುವುದಿಲ್ಲ. ಹೊಸದಾಗಿ ಪರಿಚಯವಾದ ಇನ್ನೊಬ್ಬರಿಗೆ ಅವನ ಬಗ್ಗೆ ಹೇಳಬೇಕು. ಧಾರಾಳವಾಗಿ ಬಳಸಿ: ‘ಟೇಕ್ ಹಿಸ್ ಫೈವ್ ಮಿನಿಟ್ಸ್ ವಿತ್ ಎ ಪಿಂಚ್ ಆಫ್ ಸಾಲ್ಟ್.’ ನುಡಿಗಟ್ಟು ತುಂಬಾ ಚೆನ್ನಾಗಿ ಕೂರುವುದು ಇಂಥ ಕಡೆಯೇ. ಸಣ್ಣ ವಿಷಯ, ಸಣ್ಣ ನಗು, ಯಾರಿಗೂ ನೋವಿಲ್ಲ.

ಡಾಕ್ಟರು ದಿನಕ್ಕೆ ಎರಡು ಮಾತ್ರೆ ಎಂದು ಬರೆದಿದ್ದಾರೆ. ಮನೆಯವರಿಗೆ ಅದು ಜಾಸ್ತಿ ಅನ್ನಿಸುತ್ತಿದೆ. ಇಲ್ಲಿ ಬೇಡ. ಅದು ಸೂಚನೆ. ಅನುಮಾನ ಇದ್ದರೆ ಡಾಕ್ಟರನ್ನೇ ಕೇಳಬೇಕು.

ನೀವು ಒಂದು ಪುಸ್ತಕ ಅರ್ಧ ಓದಿದ್ದೀರಿ. ಹೇಗಿದೆ ಅಂತ ಯಾರೋ ಕೇಳುತ್ತಾರೆ. ನಿಮ್ಮ ಅಭಿಪ್ರಾಯ ಹೇಳಿ, ಇನ್ನೂ ಅರ್ಧ ಬಾಕಿ ಇದೆ ಅನ್ನೋ ಕಾರಣ ಹೇಳಿ, ಕೊನೆಗೆ ‘ಸೋ ಟೇಕ್ ಇಟ್ ವಿತ್ ಎ ಗ್ರೇನ್ ಆಫ್ ಸಾಲ್ಟ್’ ಸೇರಿಸಿ. ವಿನಯದ ಜಾಗ ಇದು.

ಕೊನೆಯದು, ನನ್ನದೇ ಸಂದರ್ಭ. ಸಹೋದ್ಯೋಗಿ ಅಂದಾಜಿನ ಲೆಕ್ಕ ಕಳಿಸಿದ್ದಾರೆ, ಅಂದಾಜು ಅಂತ ತಾವೇ ಬರೆದಿದ್ದಾರೆ. ಉತ್ತರ ಏನು ಕೊಡಬೇಕು? ಉಪ್ಪನ್ನು ಅವರು ಆಗಲೇ ಹಾಕಿದ್ದಾರೆ, ನಾನು ಮತ್ತೆ ಹಾಕಬೇಕಿರಲಿಲ್ಲ. ಅವತ್ತು ಸಂಜೆ ನಾನು ಕಳಿಸಿದ ಎರಡನೆಯ ಮೇಲ್ ಹೀಗಿತ್ತು: ‘ಸಾರಿ ಫಾರ್ ಮೈ ವರ್ಡಿಂಗ್. ಐ ಅಂಡರ್‌ಸ್ಟ್ಯಾಂಡ್ ದೀಸ್ ಆರ್ ಅರ್ಲಿ ಎಸ್ಟಿಮೇಟ್ಸ್, ಅಂಡ್ ದೇ ಆರ್ ವೆರಿ ಯೂಸ್‌ಫುಲ್.’ ಸ್ವಲ್ಪ ಹೊತ್ತಿಗೆ ಅವರಿಂದ ಉತ್ತರ ಬಂತು. ಒಂದು ಮುಗುಳ್ನಗೆಯ ಗುರುತು, ಅದರ ಕೆಳಗೆ ಎರಡು ಅಂಕಿ ಬದಲಾದ ಹೊಸ ಲೆಕ್ಕ.